ಚೀಟಿಯಲ್ಲಿ ಇಲ್ಲದ ತೂಕ

ನನ್ನ ಕೆಲಸ ತೂಗೋದು. ವಿಮಾನಕ್ಕೆ ಏರೋ ಸರಕನ್ನ ಮೊದಲು ತೂಗಿ, ಚೀಟಿ ಬರೆದು, ಕೆಳಗೆ ಸಹಿ ಹಾಕೋದು. ಹತ್ತೊಂಬತ್ತು ವರ್ಷದಿಂದ ಇದೇ. "ನೀನೇನು ಅಲ್ಲಿ ತರಕಾರಿ ಅಂಗಡಿ ಇಟ್ಟಿದ್ದೀಯಾ?" ಅಂತ ನಮ್ಮ ಮನೆಯವರು ಆಡಿಕೊಳ್ತಾರೆ. ಆಡಿಕೊಳ್ಳಲಿ. ಅಷ್ಟು ದೊಡ್ಡ ವಿಮಾನವನ್ನ ನೆಲದಿಂದ ಎಬ್ಬಿಸೋ ಪೈಲಟ್ಟು, ಎಷ್ಟು ದೂರ ಓಡಿಸಬೇಕು, ಎಲ್ಲಿ ಎತ್ತಬೇಕು ಅನ್ನೋದನ್ನೆಲ್ಲ ಲೆಕ್ಕ ಹಾಕೋದು ನನ್ನ ಚೀಟಿ ನಂಬಿ. ಅವನೇನು ಒಂದೊಂದು ಡಬ್ಬ ಎತ್ತಿ ನೋಡ್ತಾನಾ?

ಆ ಚೀಟಿ ನಂಬಿ ಹಾರೋರಲ್ಲಿ ನನ್ನ ತಮ್ಮನೂ ಒಬ್ಬ. ಸರಕಿನ ಜೊತೆ ಹೋಗಿ ಬರೋ ಕೆಲಸ ಅವನದು. ಸರಕಿಗೆ ಬಿಗಿದ ಬಲೆ, ಪಟ್ಟಿ ಸಡಿಲವಾಗಿಲ್ಲ ತಾನೇ ಅಂತ ನೋಡಬೇಕು, ಆ ಕಡೆ ಇಳಿಸಿಕೊಟ್ಟು ವಾಪಸ್ ಬರಬೇಕು. ಆ ಕೆಲಸ ಕೊಡಿಸಿದವಳು ನಾನೇ. ಅಮ್ಮ ಹೋದಮೇಲೆ ಅವನನ್ನ ಸಾಕಿದವಳೂ ನಾನೇ, ಹಾಗಾಗಿ ಅಕ್ಕನ ಪ್ರೀತಿಗಿಂತ ಒಂದು ಕೈ ಹೆಚ್ಚು. ಇನ್ನೊಂದು ವಿಮಾನದಲ್ಲಿ ಅದೇ ಕೆಲಸ ಮಾಡ್ತಿದ್ದೋನು ಮೀಸೆ. ಹೆಸರು ಕರೆದರೆ ತಿರುಗಿಯೂ ನೋಡ್ತಿರಲಿಲ್ಲ, ಮೀಸೆ ಅಂದರೆ ಓಡಿ ಬರ್ತಿದ್ದ. ನನ್ನ ಊಟದ ಡಬ್ಬಿಗೆ ದಿನಾ ಕೈ ಹಾಕೋದು, "ಅಕ್ಕಾ, ಉಪ್ಪು ಸ್ವಲ್ಪ ಕಮ್ಮಿ" ಅಂತ ಬೇರೆ ಹೇಳೋದು. ಹೊಟ್ಟೆಬಾಕ.

ಮೊದಲು ನಮ್ಮಲ್ಲಿ ದಿನಕ್ಕೆ ಒಂದೇ ವಿಮಾನ, ಅದೂ ಅರ್ಧ ಖಾಲಿ. ಔಷಧಿ, ಹೂವು, ಯಂತ್ರದ ಬಿಡಿಭಾಗ, ಅಷ್ಟೇ. ಆಮೇಲೆ ಜನಕ್ಕೆ ಇವತ್ತು ಫೋನ್ ಒತ್ತಿದರೆ ನಾಳೆ ಬಾಗಿಲಿಗೆ ಸಾಮಾನು ಬರಬೇಕು ಅನ್ನೋ ಚಟ ಹತ್ತಿತು ನೋಡಿ. ಚಪ್ಪಲಿಗೂ ವಿಮಾನ, ದಿಂಬಿನ ಕವರ್‌ಗೂ ವಿಮಾನ! ಒಂದಿದ್ದದ್ದು ಎರಡಾಯಿತು. ಸರಕು ಬೆಳೆಯಿತು, ಷೆಡ್ಡು ಬೆಳೆಯಲಿಲ್ಲ, ರನ್‌ವೇ ಒಂದು ಗೇಣೂ ಬೆಳೆಯಲಿಲ್ಲ. ಎಲ್ಲಿ ಬೆಳೆಯುತ್ತೆ? ಈ ತುದಿಗೆ ಹೆದ್ದಾರಿ, ಆ ತುದಿಗೆ ಬೇಲಿ, ಬೇಲಿ ದಾಟಿದರೆ ಹಳೇ ಕಲ್ಲುಗಣಿ. ರಾತ್ರಿ ತಂಪಿನಲ್ಲಿ ಹಾರಿಸೋಣ ಅಂದರೆ ಸುತ್ತಲಿನ ಬಡಾವಣೆಯೋರು ನಿದ್ದೆ ಕೆಡುತ್ತೆ ಅಂತ ಕೋರ್ಟಿಗೆ ಹೋಗಿ ನಿಲ್ಲಿಸಿದ್ದಾರೆ. ಪಾರ್ಸೆಲ್ ಒಂದು ದಿನ ತಡವಾದರೆ ಬಾಯಿ ಬಡ್ಕೊಳ್ಳೋರೂ ಅವರೇ. ಹಾಗಾಗಿ ಎರಡೂ ವಿಮಾನ ನೆತ್ತಿ ಸುಡೋ ಮಧ್ಯಾಹ್ನ ಹೊರಡಬೇಕು, ಸಂಜೆ ಆ ಕಡೆಯ ದೊಡ್ಡ ವಿಮಾನಕ್ಕೆ ಸರಕು ದಾಟಿಸಬೇಕು. ಬಿಸಿಲಿನಲ್ಲಿ ಗಾಳಿ ತೆಳ್ಳಗಾಗುತ್ತೆ, ರೆಕ್ಕೆಗೆ ಹಿಡಿತ ಸಿಗಲ್ಲ ಅಂತ ತಮ್ಮ ಹೇಳ್ತಿದ್ದ.

ನಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ಅರ್ಜೆಂಟಪ್ಪ. ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ.

ಒಂದು ದಿನ ಸಾಮಾನು ಎತ್ತೋ ಫೋರ್ಕ್‌ಲಿಫ್ಟ್ ಗಾಡಿಯೋನು ಸರಕು ಪೇರಿಸಿದ ಪ್ಯಾಲೆಟ್ ಹಲಗೆಯನ್ನ ತೂಕದ ಮೆಷಿನ್ನಿನ ಮೂಲೆಗೆ ಧಡ್ ಅಂತ ಕುಕ್ಕಿದ. ನಮ್ಮ ಮೆಷಿನ್ನು ಅಂದರೆ ನೆಲದೊಳಗೆ ಹುದುಗಿಸಿದ ದೊಡ್ಡ ಕಬ್ಬಿಣದ ಹಾಸು. ಸರಕನ್ನ ಅದರ ಮೇಲಕ್ಕೆ ತಳ್ಳಿದರೆ ಎದುರಿನ ಪರದೆಯಲ್ಲಿ ಅಂಕಿ ಬರುತ್ತೆ. ಕುಕ್ಕಿದಾಗಿನಿಂದ ಹಾಸು ಲಟಲಟ ಅಲ್ಲಾಡೋಕೆ ಶುರುವಾಯಿತು, ಅಂಕಿ ನಿಲ್ಲಲೇ ಇಲ್ಲ. ಎರಡು ಸಾವಿರದ ಹತ್ತು, ನಲವತ್ತು, ಮತ್ತೆ ಹದಿನೈದು. ನಾನು ಯಾವುದು ಅಂತ ಬರೀಲಿ? ಹಿಂದೆ ಸಾಲು ಬೆಳೀತಾ ಇದೆ, ಅರ್ಜೆಂಟಪ್ಪ ತಲೆ ಮೇಲೆ ನಿಂತಿದ್ದಾರೆ. "ರಿಪೇರಿಯೋರನ್ನ ಕರೆಸಿ" ಅಂದೆ. "ಒಂದು ದಿನ ಮೆಷಿನ್ ನಿಲ್ಲಿಸಿದರೆ ಗಿರಾಕಿ ಬೇರೆ ಕಡೆ ಹೋಗ್ತಾರೆ, ಮುಂದಿನ ವಾರ ನೋಡೋಣ" ಅಂದರು. ನನಗೂ ರೇಗಿತು. ಮೂಲೆಯಲ್ಲಿ ಬಿದ್ದಿದ್ದ ಒಂದು ಪ್ಲೈವುಡ್ ಚೂರನ್ನ ಹಾಸಿನ ಸಂದಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಅಲ್ಲಾಟ ನಿಂತಿತು, ಅಂಕಿಯೂ ನಿಂತಿತು. "ನಮ್ಮಕ್ಕ ಇಂಜಿನಿಯರ್!" ಅಂತ ಮೀಸೆ ಚಪ್ಪಾಳೆ ತಟ್ಟಿದ. ಹೆಮ್ಮೆಯಿಂದ ನಾನೂ ನಕ್ಕೆ.

ಮುಂದಿನ ವಾರ ಬರಲೇ ಇಲ್ಲ.

ಆಮೇಲೆ ಷೆಡ್ಡಿನಲ್ಲಿ ಒಂದು ಸಂಭ್ರಮ ಶುರುವಾಯಿತು. ಎಲ್ಲರೂ ಸಣ್ಣಗಾಗ್ತಾ ಇದ್ದರು! ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಸರಕು ಬರೋ ಮುಂಚೆ ಒಬ್ಬೊಬ್ಬರೇ ಮೆಷಿನ್ ಹತ್ತಿ ನೋಡ್ಕೊಳ್ಳೋ ಅಭ್ಯಾಸ ಇತ್ತು. ಮೀಸೆ ಏಳು ಕಿಲೋ ಇಳಿದ, ನಾನು ಆರು. ತಮ್ಮನಿಗಂತೂ ಕುಣಿಯೋಷ್ಟು ಖುಷಿ. ತೂಕ ಇಳಿಸದಿದ್ದರೆ ಹಾರೋ ಕೆಲಸದಿಂದ ತೆಗೀತೀವಿ ಅಂತ ಡಾಕ್ಟರು ಹೆದರಿಸಿದ್ದರು, ಅವನು ಎಂಟು ಕಿಲೋ ಕಳೆದಿದ್ದ. "ಮೆಟ್ಟಿಲು ಹತ್ತಿದ್ದಕ್ಕೆ ಫಲ ಸಿಕ್ತು ಕಣಕ್ಕಾ" ಅಂತ ಹೊಟ್ಟೆ ಸವರಿಕೊಂಡ. ನನ್ನ ರವಿಕೆ ಮಾತ್ರ ಮೊದಲಿನ ಹಾಗೇ ಬಿಗೀತಿತ್ತು. ಒಗೆದು ಒಗೆದು ಬಟ್ಟೆ ಕುಗ್ಗಿರಬೇಕು ಅಂದುಕೊಂಡೆ. ಎಂಥಾ ದಡ್ಡಿ ನಾನು.

ಅದೇ ದಿನಗಳಲ್ಲಿ ವಿಮಾನ ನೆಲ ಬಿಡೋದು ಸ್ವಲ್ಪ ಸ್ವಲ್ಪ ತಡವಾಗ್ತಿತ್ತು. "ನಮ್ಮ ವಿಮಾನಕ್ಕೆ ವಯಸ್ಸಾಯ್ತಕ್ಕಾ, ಏಳೋಕೆ ಸೋಮಾರಿತನ ಅಂತಾರೆ ಕ್ಯಾಪ್ಟನ್" ಅಂದಿದ್ದ ತಮ್ಮ. ಸರಕು ಇನ್ನೂ ಪೂರ್ತಿ ತುಂಬ್ತಿರಲಿಲ್ಲ, ಹಾಗಾಗಿ ಹೇಗೋ ನಡೀತಿತ್ತು. ಹೀಗೇ ಮೂರು ತಿಂಗಳಾದ ಮೇಲೆ ಒಂದು ವಾರ ಅರ್ಜೆಂಟಪ್ಪ ಒಬ್ಬ ಹೊಸ ದೊಡ್ಡ ಗಿರಾಕಿಯನ್ನ ಹಿಡಿದು ತಂದರು. ಗುರುವಾರ ಮೊದಲ ಸಲ ಎರಡೂ ವಿಮಾನ ಅಂಚಿನವರೆಗೆ ತುಂಬಿದವು. ಎರಡರ ಚೀಟಿಯಲ್ಲೂ ಒಂದೇ ಅಂಕಿ, ಇಪ್ಪತ್ತು ಟನ್. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೂ ಆ ರನ್‌ವೇಯಲ್ಲಿ, ಆ ಬಿಸಿಲಿನಲ್ಲಿ ಹಾರೋ ಹಾಗಿಲ್ಲ. ಗಾಳಿ ಬೇರೆ ಸತ್ತು ಬಿದ್ದಿತ್ತು.

ಚೀಟಿ ಕೊಟ್ಟು ಕೂತಿದ್ದೆ. ತಮ್ಮ ಮುಖ ಊದಿಸಿಕೊಂಡು ಬಂದ.

"ಅಕ್ಕಾ, ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿದ್ದೆ. ಒಂದು ಗ್ರಾಮೂ ಇಳಿದಿಲ್ಲವಂತೆ! ಅವರ ಮೆಷಿನ್ ಕೆಟ್ಟಿದೆ, ಹೇಳಿದರೆ ಒಪ್ಪಲ್ಲ."

"ಬರೀ ತಿನ್ನೋದು, ಮೇಲೆ ಡಾಕ್ಟರ ಮೆಷಿನ್ನಿಗೆ ಬಯ್ಯೋದು. ಹೋಗೋ, ಹೊತ್ತಾಯ್ತು" ಅಂತ ಬೆನ್ನಿಗೆ ಗುದ್ದಿ ಕಳಿಸಿದೆ. ಅವನು ವಿಮಾನದ ಕಡೆ ನಡೆದ.

ನಗು ಇನ್ನೂ ಬಾಯಲ್ಲೇ ಇತ್ತು, ಅಷ್ಟರಲ್ಲಿ ತಲೆಗೆ ಹೊಳೆಯಿತು. ಎಲ್ಲರೂ ಒಟ್ಟಿಗೆ ಸಣ್ಣಗಾಗೋದು ಹೇಗೆ? ಕುಡಿಯೋ ನೀರಿನ ಇಪ್ಪತ್ತು ಲೀಟರಿನ ಐದು ಕ್ಯಾನುಗಳನ್ನ ಹಾಸಿನ ಮೇಲಕ್ಕೆ ಎಳೆದು ತಂದೆ. ನೂರು ಕಿಲೋ ನೀರು, ಕ್ಯಾನಿನ ತೂಕ ಬೇರೆ. ಪರದೆಯಲ್ಲಿ ತೊಂಬತ್ತೊಂದು. ನಾನು ಬಡಿದು ಕೂರಿಸಿದ ಪ್ಲೈವುಡ್ಡು ಮೂರು ತಿಂಗಳಿಂದ ಪ್ರತಿ ಸರಕಿನ ಒಂದು ಪಾಲು ಭಾರವನ್ನ ತಾನು ಹೊತ್ಕೊಂಡು ನೆಲಕ್ಕೆ ಇಳಿಸ್ತಿತ್ತು. ಇಪ್ಪತ್ತು ಟನ್ ಅಂತ ಬರೆದ ಕಡೆ ಇದ್ದದ್ದು ಇಪ್ಪತ್ತೆರಡಕ್ಕೂ ಮೇಲೆ.

ಅರ್ಜೆಂಟಪ್ಪನ ಕೋಣೆಗೆ ಓಡಿ ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಅವರು ಕೇಳಿದರು, ಗಡಿಯಾರ ನೋಡಿದರು.

"ಮೂರು ತಿಂಗಳಿಂದ ಹಾರ್ತಾ ಇದೆ ತಾನೇ? ಇವತ್ತೂ ಹಾರುತ್ತೆ. ಹೊಸ ಗಿರಾಕಿಯ ಮೊದಲ ದಿನವೇ ವಿಮಾನ ನಿಲ್ಲಿಸು ಅಂತೀರಾ? ನಾಳೆ ರಿಪೇರಿ ಮಾಡಿಸೋಣ."

"ಸಾರ್, ಇವತ್ತು ಪೂರ್ತಿ ತುಂಬಿದೆ. ಅದರಲ್ಲಿ ನನ್ನ ತಮ್ಮ ಇದ್ದಾನೆ."

ಅವರು ಧ್ವನಿ ತಗ್ಗಿಸಿದರು. "ಆ ಪ್ಲೈವುಡ್ ಇಟ್ಟೋರು ಯಾರಮ್ಮ? ಚೀಟಿ ಕೆಳಗೆ ಸಹಿ ಯಾರದು?"

ಕೆಲಸ, ಜೈಲು, ಮನೆಯೋರ ಮುಖ, ಎಲ್ಲಾ ಕಣ್ಣ ಮುಂದೆ ಬಂತು. ಅಲ್ಲೇ ನಿಂತೆ. ಎಷ್ಟು ಹೊತ್ತು ಅಂತ ಆಮೇಲೆ ತನಿಖೆಯೋರು ಕೇಳಿದರು. ಎರಡು ನಿಮಿಷ ಇರಬಹುದು, ಮೂರೂ ಇರಬಹುದು. ಹೊರಗೆ ಇಂಜಿನ್ನಿನ ಸದ್ದು ಏರಿತು. ಕಿಟಕಿಯಿಂದ ನೋಡಿದರೆ ಎರಡೂ ವಿಮಾನ ರನ್‌ವೇ ತುದಿಗೆ ಹೋಗಿ ಒಂದರ ಹಿಂದೆ ಒಂದು ನಿಂತಿವೆ. ಹಿಂದಿನದರಲ್ಲಿ ನನ್ನ ತಮ್ಮ.

ಅರ್ಜೆಂಟಪ್ಪನನ್ನ ಆಚೆ ತಳ್ಳಿ ಗೋಡೆ ಫೋನಿನಿಂದ ಕಂಟ್ರೋಲ್ ಟವರಿಗೆ ಮಾಡಿದೆ.

"ಸರಕು ಷೆಡ್ಡಿನಲ್ಲಿ ತೂಗೋಳು ನಾನು. ತೂಕ ತಪ್ಪಾಗಿದೆ, ತಪ್ಪು ನನ್ನದೇ. ಹಿಂದಿನ ವಿಮಾನ ನಿಲ್ಲಿಸಿ! ಹಿಂದಿನದು, ಹಿಂದೆ ನಿಂತಿರೋದು, ಅದನ್ನ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಗಾಬರಿಯಾಗಬೇಡಿ. ಹಿಂದಿನದು ತಾನೇ? ಒಂದು ನಿಮಿಷ." ರೇಡಿಯೋದಲ್ಲಿ ಏನೋ ಹೇಳಿ ಮತ್ತೆ ಬಂದರು. "ಹಿಂದಿನದಕ್ಕೆ ನಿಲ್ಲೋಕೆ ಹೇಳಿದ್ದೀನಿ, ವಾಪಸ್ ಬರುತ್ತೆ."

ಗೋಡೆಗೆ ಒರಗಿದೆ. ಬದುಕಿದೆ ಅನಿಸಿತು. ಸತ್ಯ ಹೇಳ್ತೀನಿ, ಅಷ್ಟು ಹಾಯಾಗಿ ನಾನು ಯಾವತ್ತೂ ಉಸಿರು ಬಿಟ್ಟಿಲ್ಲ.

"ಅಮ್ಮಾ, ಮುಂದಿನದು ಸರಿ ಇದೆಯಾ?"

ಕಿಟಕಿಯಲ್ಲಿ ಮುಂದಿನ ವಿಮಾನ ಓಡ್ತಾ ಇತ್ತು. ನಮ್ಮ ಷೆಡ್ಡು ದಾಟಿತು.

"ಅಮ್ಮಾ, ಮುಂದಿನದು?"

"ಅದೂ ಅದೇ ಮೆಷಿನ್ನು" ಅಂದೆ.

ಆ ಕಡೆಯಿಂದ "ಅಯ್ಯೋ ದೇವರೇ" ಅನ್ನೋದು ಕೇಳಿಸಿತು. ಆ ವೇಗದಲ್ಲಿ ಇನ್ನು ಅದು ನಿಲ್ಲೋ ಹಾಗಿರಲಿಲ್ಲ. ಮೂಗು ಎತ್ತಿತು, ಹಿಂದಿನ ಚಕ್ರ ನೆಲ ಬಿಡಲೇ ಇಲ್ಲ. ಬೇಲಿಯನ್ನ ಹರಿದುಕೊಂಡು ಹೋಯಿತು. ಗಣಿಯಿಂದ ಮೊದಲು ಧೂಳು ಎದ್ದಿತು, ಆಮೇಲೆ ಸದ್ದು.

ಮೂರು ಜನ ಇದ್ದರು. ಇಬ್ಬರು ಪೈಲಟ್ಟು, ಮತ್ತೆ ಮೀಸೆ.

ತಮ್ಮ ಸಂಜೆ ನನ್ನನ್ನ ಹುಡುಕಿಕೊಂಡು ಷೆಡ್ಡಿಗೆ ಬಂದ. ಪೊಲೀಸರು ನನ್ನನ್ನ ಕೂರಿಸಿದ್ದ ಬೆಂಚಿನ ಮುಂದೆ ನಿಂತ. ಮೈಗೆ ಒಂದು ಗೀರೂ ಇಲ್ಲ. ನನ್ನ ಮಗುವಿನ ಹಾಗೆ ಸಾಕಿದವನು, ಕಣ್ಣ ಮುಂದೆ ಇಡಿಯಾಗಿ ನಿಂತಿದ್ದ.

"ಟವರಿನೋರು ಹೇಳಿದರು" ಅಂದ. "ಎರಡನ್ನೂ ನಿಲ್ಲಿಸಿ ಅಂದಿದ್ದರೆ ಎರಡೂ ನಿಲ್ತಿದ್ದವಂತೆ. ನೀನು ಫೋನ್ ಮಾಡಿದಾಗ ಮುಂದಿನದು ಇನ್ನೂ ಹೊರಟಿರಲಿಲ್ಲವಂತೆ. ಮೀಸೆ ನೆನಪಾಗಲಿಲ್ವಾ ನಿನಗೆ?"

"ಇಲ್ಲ ಕಣೋ" ಅಂದೆ. "ನೀನೊಬ್ಬನೇ ನೆನಪಾಗಿದ್ದು."

ಕೆನ್ನೆ ಮುಟ್ಟೋಕೆ ಕೈ ಚಾಚಿದೆ. ಅವನು ಹಿಂದಕ್ಕೆ ಸರಿದ.