ಮರಳಿನಲ್ಲಿ ಒಣಗಿಸಿದ ಡೇರೆ ಹೂ

"ಅದನ್ನು ಒಳಗಿಡು, ಅಮ್ಮ ಇರುವಷ್ಟು ದಿನ," ಎಂದು ಮಂಜಯ್ಯ ಮತ್ತೆ ಹೇಳಿದಾಗ ವಾಗ್ದೇವಿ ಗಾಜಿನ ಜಾಡಿಯನ್ನು ಮೇಜಿನ ನಟ್ಟನಡುವಿಗೆ ಎಳೆದಳು.

ಜಾಡಿಯಲ್ಲಿದ್ದದ್ದು ಅವಳ ಮದುವೆಯ ಹೂಗುಚ್ಛ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮೊದಲು ನೀರು ನಿಂತ ವರ್ಷದ ಶ್ರಾವಣದಲ್ಲಿ, ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಗೆಳತಿಯರು ಕೈಗಿತ್ತ ಡೇರೆ ಹೂಗಳು. ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು ಅವಳು. ಹೊಳೆಯ ನುಣ್ಣನೆಯ ಮರಳನ್ನು ಹುರಿದು ಆರಿಸಿ, ಅದರೊಳಗೆ ಹೂಗಳನ್ನು ಹುಗಿದು ಒಣಗಿಸಿದ್ದಳು. ಬಣ್ಣ ಕಂದಿತ್ತು, ಆಕಾರ ಕೆಟ್ಟಿರಲಿಲ್ಲ.

ಆ ಮದುವೆಗೆ ಓಲಗವಿರಲಿಲ್ಲ, ಮಂತ್ರವಿರಲಿಲ್ಲ, ನೆಂಟರ ಪೈಕಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೌಡರ ಹುಡುಗನನ್ನು ಕಟ್ಟಿಕೊಂಡಳೆಂದು ಪುರೋಹಿತರಾದ ಅವಳ ಅಪ್ಪ, ಮಗಳು ಸತ್ತಳೆಂದು ತಲೆಗೆ ನೀರು ಹೊಯ್ದುಕೊಂಡಿದ್ದರು. "ಜಾತಿ ನನ್ನ ಕಾಲ ಧೂಳು" ಎಂದು ಮಂಜಯ್ಯ ಅಂದು ಹೇಳಿದ್ದ. ಇಂದು ತಾಯಿ ಬರುತ್ತಾಳೆಂದು ಬೆಳಗಿನಿಂದ ಮನೆಯ ಧೂಳು ಗುಡಿಸುತ್ತಿದ್ದ.

ಊರು ಮೇಳಿಗೆಯಿಂದ ಬಂದ ಅವನ ತಾಯಿ ದುಗ್ಗಮ್ಮ ಕಾಲು ತೊಳೆದು ಕೂತಳು. ಮಗನ ಬಾಡಿಗೆ ಮನೆಗೆ ಇದೇ ಮೊದಲು. ಕಣ್ಣು ನೇರ ಜಾಡಿಗೆ ಹೋಯಿತು.

"ಎಂತದೇ ಅದು?"

"ನಮ್ಮ ಮದುವೆಯ ಹೂವು."

"ಒಣಗಿದ್ ಮೇಲೂ ಮುಡಿಯೂದು ಸುರಗಿ ಒಂದೇ ಕಣೆ. ಡೇರೆ ಯಾರು ಇಟ್ಕಳ್ತಾರೆ? ಬಾಡಿದ್ದನ್ನ ಹೊಳೆಗೆ ಬಿಡ್ಬೇಕು."

"ಇದು ಬಾಡಿಲ್ಲ."

ಮಂಜಯ್ಯ ಕೆಮ್ಮಿದ.

ಮುದುಕಿ ಕೆಟ್ಟವಳಲ್ಲ. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಅಕ್ಕರೆಯಿಂದಲೇ ಚೀಲದೊಳಗಿನ ಬಟ್ಟೆಯ ಗಂಟು ಬಿಚ್ಚಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗದ ಜೋಡಿಯನ್ನು ತೆಗೆದಳು.

"ಮನೇಲೇ ಧಾರೆ ಎರಸ್ತೀವಿ. ಹೊಸನಗರದಾಗಿರೋ ನಮ್ಮಣ್ಣ ಬೆಳ್ಳಪ್ಪ ನಿನ್ನನ್ನ ಮಗಳು ಅಂತ ಮಾಡ್ಕಳ್ತಾನೆ. ಸೋದರಮಾವನ ಮಗಳು ಅಂದ್ರೆ ಊರಾಗೆ ಯಾರೂ ಬಾಯಿ ಬಿಡೂ ಹಾಂಗಿಲ್ಲ. ಹೆಸ್ರು ಕನ್ನಮ್ಮ ಅಂತ ಇಡಾಣ, ನಮ್ಮವ್ವಂದು."

"ನನಗೆ ಮದುವೆಯಾಗಿದೆ."

"ಆಗಿರ್ಬಾರ್ದಲ್ಲ ಮತ್ತೆ! ಬಾಸಿಂಗ ಕಟ್ಟೂದು ಮದ್ವೆ ಆಗದಿದ್ದೋರಿಗೆ. ಅದ್ಕೇ ಆ ಹೂವು ಹೊಳೆಗೆ ಬಿಡು ಅಂದಿದ್ದು. ಇವ್ನು ಹೇಳ್ಲಿಲ್ವಾ? ಒಪ್ಪಿದಾನಲ್ಲ."

ವಾಗ್ದೇವಿ ಗಂಡನತ್ತ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಒಂದು ದಿನದ ಶಾಸ್ತ್ರ. ಅಮ್ಮನ ಸಮಾಧಾನಕ್ಕೆ."

"ನಮ್ಮದು ಏನಾಯಿತು ಹಾಗಾದರೆ?"

"ಅದು ಇದ್ದೇ ಇದೆಯಲ್ಲ."

"ಎಲ್ಲಿ?"

ಅವನು ಕುರ್ಚಿ ಎಳೆದುಕೊಂಡು ಕೂತ. ಅವಳಿಗೆ ಮೈಯೆಲ್ಲ ಉರಿಯಿತು. ಒಬ್ಬ ಅಪ್ಪನನ್ನು ಬಿಟ್ಟು ಬಂದವಳಿಗೆ ಇನ್ನೊಬ್ಬ ಅಪ್ಪ, ಇನ್ನೊಂದು ಹೆಸರು, ಹರಿದ ಸೀರೆಗೆ ಬದಲಿ ಸೀರೆ ಕೊಟ್ಟ ಹಾಗೆ. ತಾನು ಮರಳಿನಲ್ಲಿ ಹುಗಿದಿಟ್ಟದ್ದು ಆ ದಿನದ ಮಂಜಯ್ಯನನ್ನೇ ಇರಬೇಕು ಎನ್ನಿಸಿತು. ಹಾಗೆಂದು ಹೊಳೆಗೆ ಬಿಡುವುದೇ? ಆಗದು. ಸತ್ತರೂ ಆಗದು.

"ಹಿಡ್ಕಳೇ," ಎಂದು ದುಗ್ಗಮ್ಮ ಬಾಸಿಂಗ ಚಾಚಿದಳು.

ವಾಗ್ದೇವಿ ತೆಗೆದುಕೊಂಡಳು. ಜಾಡಿಯ ಸುತ್ತ ಅದರ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಜಾಡಿಯನ್ನೆತ್ತಿ ಗಂಡನ ಪಕ್ಕದ ಕುರ್ಚಿಯ ಮೇಲೆ ಕೂರಿಸಿದಳು.

"ಇವಳಿಗೆ ಧಾರೆ ಎರೆಯಿರಿ. ಯಾರ ಮಗಳು ಅಂದರೂ ಆಗುತ್ತಾಳೆ. ಏನು ಹೆಸರಿಟ್ಟರೂ ಬೇಡ ಅನ್ನುವುದಿಲ್ಲ."

"ಅಯ್ಯಯ್ಯೋ, ಬಿಡ್ತು ಅನ್ನೇ!" ಎಂದು ದುಗ್ಗಮ್ಮ ಎದ್ದ ರಭಸಕ್ಕೆ ಆ ಕುರ್ಚಿ ಅಲುಗಿ ಜಾಡಿ ವಾಲಿತು. ಮಂಜಯ್ಯ ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದ.

ವಾಗ್ದೇವಿ ನೆರವಿಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನೋಡಿದಳು. ಇಡಲೂ ಆಗದೆ, ಬಿಡಲೂ ಆಗದೆ, ಬಾಸಿಂಗ ಕಟ್ಟಿದ ಜಾಡಿಯನ್ನು ಹಿಡಿದುಕೊಂಡು ಅವನು ಮದುಮಗನ ಹಾಗೆ ಬೆವರುತ್ತ ಕೂತಿದ್ದ. ಅವನು ಹಿಡಿತ ಬದಲಿಸಿದಂತೆಲ್ಲ ಗಾಜಿನೊಳಗೆ ಎಸಳುಗಳು ಒಂದೊಂದಾಗಿ ಉದುರುತ್ತಿದ್ದವು.