ಹದಿನೇಳು ಸೀಸೆ ರಕ್ತ

ಗಿರೀಶ್ ಸನ್ಮಾನದ ಶಾಲು ಹೊದಿಸಲು ಬಗ್ಗಿದಾಗ ಕಾಟಯ್ಯ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ. ಹಿಂದಿನ ದಿನ ಮಂಗಳವಾರ, ಹೆಪಟೈಟಿಸ್ ಸೂಜಿಮದ್ದಿನ ದಿನ. ವಾರಕ್ಕೊಂದರಂತೆ ಮೂವತ್ತು ಮುಗಿದಿದ್ದವು, ಇನ್ನೂ ಹದಿನೆಂಟು ಬಾಕಿ. ಪ್ರತಿ ಸೂಜಿಯ ಮರುದಿನವೂ ಹೀಗೇ ಜ್ವರ.

"ಏಳಬ್ಯಾಡ್ರಿ, ಮಲಗ್ರಿ," ಎಂದು ಗಿರೀಶ್ ಶಾಲನ್ನು ಕಂಬಳಿಯ ಮೇಲೆಯೇ ಹಾಸಿದ. ಹೋದ ವರ್ಷ ಹರಿಯಬ್ಬೆಯ ಈ ಹಟ್ಟಿಗೆ ಬಂದು, ಕಾಯಿಲೆಯಿದ್ದ ಹದಿನೇಳು ಜನರ ರಕ್ತ ತೆಗೆದುಕೊಂಡು ಹೋದ ಲ್ಯಾಬಿನವನು ಅವನೇ. "ನಿಮ್ಮಿಂದ ಕಡಿಮೆ ಖರ್ಚಿನ ಜೀನ್ ಟೆಸ್ಟ್ ತಯಾರಾತು. ಈ ಮದ್ದು ಯಾರಿಗೆ ನಾಟುತ್ತೆ, ಯಾರಿಗೆ ನಾಟಲ್ಲ ಅಂತ ಮೊದ್ಲೇ ಗೊತ್ತಾಗುತ್ತೆ."

ಕಾಟಯ್ಯನ ಹೆಂಡತಿ ಓಬವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಹಂಗಾರೆ ಹೇಳಪ್ಪ. ಇವ್ರಿಗೆ ನಾಟುತ್ತೋ, ಇಲ್ವೋ?"

"ಹದಿನೇಳರಾಗೆ ಆರು ಜನಕ್ಕೆ ನಾಟಲ್ಲ ಅಂತ ಬಂದೈತೆ ಅವ್ವಾ."

"ಯಾವ ಆರು?"

"ಸೀಸೆ ಮ್ಯಾಲೆ ನಂಬರ್ ಮಾತ್ರ ಇತ್ತು. ಹೆಸರು ಬರೆಯಂಗಿಲ್ಲ. ಗುಟ್ಟಾಗಿರ್ಲಿ ಅಂತ ನಿಮ್ಮ ಒಳ್ಳೇದಕ್ಕೇ ಮಾಡಿರೋ ರೂಲ್ಸು."

"ಯಾರಿಗೆ ಗುಟ್ಟು? ನನ್ನ ಗಂಡನ ರಕ್ತದ ಸುದ್ದಿ ನನ್ನ ಗಂಡನಿಗೇ ಗುಟ್ಟಾ?" ಓಬವ್ವನ ದನಿ ಏರಿತು. "ನಾಕು ಮಂದೆ ಕುರಿ ಬೆರೆತು ಹೋದ್ರೂ ಕಿವಿ ಗುರುತು ನೋಡಿ ಯಾರ ಮರಿ ಅಂತ ಹೇಳ್ತೀವಿ. ಓದಿದೋರು ನೀವು, ಹದಿನೇಳು ಜನನ್ನ ಕಳ್ಕಂಡು ಬಂದೀರಲ್ಲ!"

ಬಾಗಿಲಲ್ಲಿ ನಿಂತಿದ್ದ ಮೈದುನ ಜುಂಜೇಶ, "ಶಾಲಿಗೂ ಒಂದು ನಂಬರ್ ಹಾಕಿಸ್ಕಂಡು ಬರಬೇಕಿತ್ತು ಬಿಡ್ರಿ ಸಾರ್," ಅಂದ.

"ಬರೋ ವರ್ಷ ದುರ್ಗದಾಗೆ ಟೆಸ್ಟ್ ಶುರುವಾಗುತ್ತೆ. ನಿಮಗೆ ರೇಟಿನಾಗೆ ಕಮ್ಮಿ ಮಾಡಿಸ್ತೀನಿ."

"ಬರೋ ವರ್ಷ! ಅಷ್ಟೊತ್ತಿಗೆ ಎಲ್ಲಾ ಸೂಜಿ ಚುಚ್ಚಿ ಮುಗಿದಿರ್ತಾವೆ," ಅಂದಳು ಓಬವ್ವ.

ಕಂಬಳಿಯೊಳಗಿಂದ ಕಾಟಯ್ಯ ಕೇಳಿದ: "ಸಾರ್, ಮುಂದಿನ ಮಂಗಳವಾರ ಚುಚ್ಚಿಸ್ಕಳ್ಳಲಾ, ಬ್ಯಾಡ್ವಾ?"

"ಅದನ್ನ ಡಾಕ್ಟ್ರನ್ನ ಕೇಳ್ರಿ."

"ಅವ್ರು ನಿಮ್ಮ ರಿಪೋರ್ಟ್ ಬರ್ಲಿ ಅಂದಿದ್ರು."

ಗಿರೀಶ್ ಫೋಟೋ ತೆಗೆಯಲು ಎತ್ತಿದ್ದ ಫೋನನ್ನು ಜೇಬಿಗಿಳಿಸಿದ. ಓಬವ್ವ ಶಾಲನ್ನು ತೆಗೆದು, ನೀಟಾಗಿ ಮಡಿಸಿ ಅವನ ಕೈಗಿಟ್ಟಳು.

ಮುಂದಿನ ಮಂಗಳವಾರ ಬೆಳಿಗ್ಗೆ ಅವಳು ಹಾಲಿನ ಡೈರಿಗೆ ಹೋದಳು. ಊರಿನಲ್ಲಿ ಸೂಜಿಮದ್ದು ತಣ್ಣಗಿಡಲು ಇದ್ದದ್ದು ಅದೊಂದೇ ಫ್ರಿಜ್ಜು. ಡೈರಿಯ ಮೂರ್ತಪ್ಪ ಮೊಸರಿನ ಪ್ಯಾಕೆಟ್ಟುಗಳನ್ನು ಸರಿಸಿ, ಹಿಂದಿನಿಂದ ಪುಟ್ಟ ಡಬ್ಬಿ ತೆಗೆದುಕೊಟ್ಟ. ಹಿರಿಯೂರಿನ ನರ್ಸಮ್ಮ ಅದರ ಮೇಲೆ ನೀಲಿ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಳು: ಕಾಟಯ್ಯ, ತಂದೆ ಎರ್ರಪ್ಪ, ಹರಿಯಬ್ಬೆ. ಓಬವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಿಸಿಲು ತಾಗದ ಹಾಗೆ ಸೆರಗು ಮುಚ್ಚಿ, ಹಟ್ಟಿಯ ಕಡೆ ಬಿರಬಿರನೆ ನಡೆದಳು.