ಮುಂದಿನ ಮೋಟಾರಿನ ಪಾಲು

೨೦೦೩ನೇ ಇಸವಿ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಂಡಳ್ಳಿಯಾಚೆಯ ಕಲ್ಲು ಕ್ವಾರಿಯಲ್ಲಿ, ದೊಡ್ಡ ಬಂಡೆಯ ಅಡಿಯ ಸಂದಿನೊಳಗೆ, ರಿಮೋಟಿನ ಆಟಿಕೆ ಲಾರಿ ಸಿಕ್ಕಿಕೊಂಡಿತು. ಪೂರ್ತಿ ಸುಮ್ಮನಾಗಿದ್ದರೆ ನಾಗಶ್ರೀಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಮುಂದಿನ ಗಾಲಿಗಳು ಅಂಗೈಯಗಲ ಎತ್ತರದ ಕಲ್ಲಿನ ಉಬ್ಬಿಗೆ ಒತ್ತಿಕೊಂಡು ಮಿಸುಕದೆ ನಿಂತಿದ್ದರೆ, ಹಿಂದಿನ ಗಾಲಿಗಳು ಹುಚ್ಚು ಹಿಡಿದಂತೆ ತಿರುಗುತ್ತ ಕಲ್ಲುಪುಡಿಯನ್ನೆಲ್ಲ ಅವಳ ಸೀರೆಗೇ ಎರಚುತ್ತಿದ್ದವು.

“ಅಸಿವಾಗಿರ್ಬೇಕು ಕಣವ್ವ ಅದ್ಕೆ,” ಎಂದಳು ಕಲ್ಲುಚೂರು ಹೊರುವ ಪುಟ್ಟಮಾದಮ್ಮ, ತಲೆಯ ಮೇಲಿನ ಬುಟ್ಟಿ ಇಳಿಸದೆಯೇ. “ಆಲು ಕುಡುಸ್ಕಂಡು ಕರ್ಕಬರ್ಬೇಕಿತ್ತು.”

ಕಲ್ಲಿಗೆ ತೂತು ಹಾಕುವ ಮೆಷಿನ್ನಿನ ಬಿಳಿಗಿರಿ ಬೀಡಿ ಹಚ್ಚುತ್ತ ನಾಗಶ್ರೀಯ ಗಂಡನ ಕಡೆ ತಿರುಗಿದ. “ಲೇ ಮಾದೇಶ, ನಿನ್ ಬದ್ಲಿಗೆ ಬಂದಿರೋ ಆಳು ಬಾಗ್ಲಲ್ಲೇ ಕುಂತ್ಕತಲ್ಲೋ. ಓಗು, ಕೈ ಇಡ್ದು ಒಳಿಕ್ ಕರ್ಕಂಡೋಗು.”

ಎಲ್ಲರೂ ನಕ್ಕರು. ಮಾದೇಶನೂ ನಕ್ಕ. ನಗುತ್ತಲೇ ಅಂಗಿಯ ಗುಂಡಿ ಬಿಚ್ಚತೊಡಗಿದ. ಆ ಗುಂಡಿಗಳು ಬಿಚ್ಚಬಾರದೆಂದೇ ನಾಗಶ್ರೀ ಕೊಳ್ಳೇಗಾಲದಿಂದ ಅವನ ಬೈಕಿನ ಹಿಂದೆ ಕೂತು, ಲಾರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.

ಕ್ವಾರಿಯಲ್ಲಿ ಅಳತೆಯ ಕೆಲಸ ಮಾದೇಶನದು. ಬಂಡೆಯ ಅಡಿ ಎಷ್ಟು ಆಳದವರೆಗೆ ನೆಲದಿಂದ ಬಿಟ್ಟುಕೊಂಡಿದೆ ಎಂದು ತಿಳಿಯದೆ ತೂತು ಹಾಕುವ ಜಾಗ ಗುರುತಿಸುವಂತಿಲ್ಲ. ಬಿದಿರು ಗಳ ತೂರಿಸಿದರೆ ಉಬ್ಬಿಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಉಬ್ಬು ದಾಟಿದರೂ ಅದು ತಾಗಿದ್ದು ಕೊನೆಯ ಗೋಡೆಗೋ ನಡುವೆ ಬಿದ್ದ ಯಾವುದೋ ಕಲ್ಲಿಗೋ ಹೇಳುವುದು ಕಷ್ಟ. ಹಾಗಾಗಿ ಯಾರಾದರೂ ಅಳತೆ ಟೇಪಿನ ತುದಿ ಹಿಡಿದು, ಟಾರ್ಚು ಕಚ್ಚಿಕೊಂಡು, ಹೊಟ್ಟೆಯ ಮೇಲೆ ತೆವಳಬೇಕು. ಮಾದೇಶನದು ಸಣಕಲು ಮೈ. ಒಂದೂವರೆ ಅಡಿ ಎತ್ತರದ ಸಂದು ಅವನಿಗೆ ಸಾಕು. ‘ಸಂದಿ ಮಾದೇಶ’ ಎಂದು ಕ್ವಾರಿಯವರು ಇಟ್ಟ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಸಂಕ್ರಾಂತಿಯ ವಾರ ಇಂಥದೇ ಒಂದು ಸಂದಿನಲ್ಲಿ ಮೇಲಿನಿಂದ ಮಣೆಯಷ್ಟು ಅಗಲದ ಚಕ್ಕೆ ಕಳಚಿ ಅವನ ಮೀನಖಂಡದ ಮೇಲೆ ಬಿದ್ದಿತ್ತು. ಮನೆಯಲ್ಲಿ ಬೈಕಿನಿಂದ ಬಿದ್ದೆ ಎಂದಿದ್ದ. ನಿಜ ಸಂಗತಿ ನಾಗಶ್ರೀಗೆ ತಿಳಿದದ್ದು ಸಂತೆಯಲ್ಲಿ ಸಿಕ್ಕ ಪುಟ್ಟಮಾದಮ್ಮನಿಂದ. “ಇನ್ನೊಂದ್ ಗೇಣು ಮುಂದ್ಕೆ ಬಿದ್ದಿದ್ರೆ ಸ್ವಾಂಟ ಓಗದು ಕಣವ್ವ,” ಎಂದಿದ್ದಳು ಅವಳು, ಬದನೆಕಾಯಿ ಆರಿಸುತ್ತ.

ನಾಗಶ್ರೀ ಗಂಡನೊಡನೆ ಜಗಳ ಮಾಡಲಿಲ್ಲ. ಅಂಗಡಿಗೆ ಹೋಗಿ ಅಟ್ಟದ ಮೇಲಿದ್ದ ಲಾರಿಯನ್ನು ಇಳಿಸಿದಳು. ಅವಳ ತಂದೆ ಗುರುಪಾದಸ್ವಾಮಿಯದು ಮದುವೆಮನೆಗಳಿಗೆ ಬಣ್ಣದ ಬಲ್ಬಿನ ಸೀರಿಯಲ್ ಸೆಟ್ ಕಟ್ಟುವ ಅಂಗಡಿ. ಬಿಎಸ್ಸಿ ಮುಗಿಸಿದ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನಲ್ಲಿ ಒಂದು ಮನೆಗೆ ದೀಪ ಹಾಕಿದ್ದಾಗ, ಆ ಮನೆಯ ಅಜ್ಜ ಕೆಟ್ಟುಹೋದ ಈ ಲಾರಿಯನ್ನು ಅವಳ ಕೈಗಿಟ್ಟು, ರಿಪೇರಿಯಾದರೆ ನೀನೇ ಇಟ್ಟುಕೋ ಎಂದಿದ್ದ. ಸ್ವಿಟ್ಜರ್ಲೆಂಡಿನಿಂದ ಯಾರೋ ನೆಂಟರು ಕಳಿಸಿದ್ದಂತೆ. ಟ್ರ್ಯಾಕ್ಟರಿನದರಂಥ ದಪ್ಪ ಟೈರುಗಳು. ಮುಂದಿನ ಗಾಲಿಗಳಿಗೊಂದು, ಹಿಂದಿನವಕ್ಕೊಂದು, ಹೀಗೆ ಎರಡು ಮೋಟಾರು. ಅಂಥದ್ದನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ಅದರ ಮೂಲ ಬ್ಯಾಟರಿ ಸತ್ತಿತ್ತು. ಎಮರ್ಜೆನ್ಸಿ ಲೈಟಿನ ಹನ್ನೆರಡು ವೋಲ್ಟಿನ ಬ್ಯಾಟರಿ ಹಾಕಿ ವೈರಿಂಗನ್ನು ತಾನೇ ಹೊಸದಾಗಿ ಮಾಡಿದ್ದಳು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಲಾರಿ ಸಲೀಸಾಗಿ ಹತ್ತಿತ್ತು.

ಗುತ್ತಿಗೆದಾರ ಮಂಟೇಸ್ವಾಮಿ ಕೊಡೆಯ ತುದಿಯಿಂದ ಸಂದನ್ನು ತೋರಿಸಿದರು. “ನೋಡವ್ವ, ಮದ್ಯಾನ ಬಂಡೆ ನೋಡಕ್ಕೆ ಪಾರ್ಟಿ ಬತ್ತಾರೆ. ಅಷ್ಟೊತ್ಗೆ ಅಳತೆ ನನ್ ಕೈಲಿರ್ಬೇಕು. ಒಳಿಕ್ ಲಾರಿ ಓದ್ರೂ ಆಳು ಓದ್ರೂ ನಂಗೆ ಒಂದೇಯ.”

ನಾಗಶ್ರೀ ಕಟ್ಟಿದ್ದ ಹಗ್ಗ ಜಗ್ಗಿ ಲಾರಿಯನ್ನು ಹೊರಗೆಳೆದಳು. ಆಮೇಲೆ ಅಳತೆ ಟೇಪಿನ ಸುರುಳಿಯನ್ನು ಎತ್ತಿಕೊಂಡು ಹೊಂಗೆಮರದ ನೆರಳಿಗೆ ಹೋಗಿ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಾದೇಶ ಹಿಂದೆಯೇ ಬಂದ.

“ಟೇಪ್ ಕೊಡಮ್ಮಿ.”

“ಕೊಡಾಕಿಲ್ಲ.”

“ಎಲ್ರೂ ನೋಡ್ತಾವ್ರೆ.”

“ನೋಡ್ಲಿ. ಕಾಲ್ಮೇಲೆ ಕಲ್ ಬಿದ್ದಾಗ್ಲೂ ನೋಡ್ತಾ ನಿಂತಿದ್ದೋರೇ ಅಲ್ವ ಇವ್ರು?”

ಮಾದೇಶ ಹಿಂತಿರುಗಿ ಕೆಲಸದವರ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಯಾರ್ ಏಳುದ್ರು ನಿಂಗೆ?” ಎಂದ.

“ಬೈಕು ಏಳ್ತು.”

ಅವನು ಮರಕ್ಕೆ ಒರಗಿ ನಿಂತ. “ಊಟದ್ ಒತ್ತುವರ್ಗೂ ನಿಂದು. ಆಮೇಲೆ ನಾನ್ ಓಯ್ತೀನಿ. ಆಗ ನೀನು ಅಡ್ಡ ಬರ್ಬಾರ್ದು.”

“ಆಗ್ಲಿ,” ಎಂದಳು ನಾಗಶ್ರೀ. ಆದರೆ ಸುರುಳಿಯನ್ನು ಮಡಿಲಿನಿಂದ ತೆಗೆಯಲಿಲ್ಲ.

ಬ್ಯಾಟರಿ ನೋಡಿದಳು, ಸರಿಯಿತ್ತು. ಗಿಯರಿನ ಹಲ್ಲುಗಳನ್ನು ಉಗುರಿನಿಂದ ತಡಕಿದಳು, ಒಂದೂ ಮುರಿದಿರಲಿಲ್ಲ. ಲಾರಿಯನ್ನು ಎತ್ತಿ ಹಿಡಿದು ರಿಮೋಟಿನ ಗುಂಡಿ ತಳ್ಳಿದರೆ ನಾಲ್ಕೂ ಗಾಲಿ ಒಂದೇ ಸಮನೆ ತಿರುಗಿದವು. ಗಾಳಿಯಲ್ಲಿ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಉಬ್ಬಿನ ಮುಂದೆ. ಹಾಗಾದರೆ ಉಬ್ಬನ್ನು ಇಲ್ಲಿಗೇ ತರಬೇಕು. ಅವಳು ಗಂಡನಿಗೆ ಮುಂದಿನ ಗಾಲಿಗಳನ್ನು ಬಿಗಿಯಾಗಿ ಹಿಡಿಯಲು ಹೇಳಿ, ತಾನು ತಂದಿದ್ದ ವೋಲ್ಟ್ ಮೀಟರಿನ ಕಡ್ಡಿಗಳನ್ನು ಮೊದಲು ಮುಂದಿನ ಮೋಟಾರಿಗೆ, ಆಮೇಲೆ ಹಿಂದಿನದಕ್ಕೆ ತಾಗಿಸಿದಳು. ಹಿಂದಿನ ಮೋಟಾರು ಕಿರುಚುತ್ತಿತ್ತು. ಮುಂದಿನದರ ಮೇಲೆ ಎರಡು ವೋಲ್ಟೂ ಇರಲಿಲ್ಲ. ಹಿಂದಿನದರ ಮೇಲೆ ಹತ್ತು.

ನಾಗಶ್ರೀ ಮೀಟರನ್ನು ಕೆಳಗಿಟ್ಟಳು. ತಪ್ಪು ಲಾರಿಯದಲ್ಲ, ತನ್ನ ಕೈಯದು. ಆರು ವೋಲ್ಟಿನ ಆಸುಪಾಸಿನ ಎರಡು ಮೋಟಾರು, ಹನ್ನೆರಡು ವೋಲ್ಟಿನ ಬ್ಯಾಟರಿ. ಹಿಂದುಮುಂದು ನೋಡದೆ ಬಲ್ಬಿನ ಸರದಂತೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ್ದಳು. ಚಿಕ್ಕಂದಿನಿಂದ ಕಟ್ಟಿದ್ದು ಅದನ್ನೇ. ಸರದ ಬಲ್ಬುಗಳು ಸಮನಾಗಿ ಹಂಚಿಕೊಳ್ಳುತ್ತವೆ, ಯಾಕೆಂದರೆ ಬಲ್ಬು ಎಲ್ಲಿಗೂ ಹೋಗಬೇಕಾಗಿಲ್ಲ, ಅದನ್ನು ಯಾರೂ ತಡೆಯುವುದಿಲ್ಲ. ಮೋಟಾರು ಹಾಗಲ್ಲ. ತಡೆದು ನಿಂತ ಮೋಟಾರಿನ ಪಾಲನ್ನು ಸಡಿಲವಾಗಿ ಓಡುತ್ತಿರುವ ಮೋಟಾರು ತಿಂದುಬಿಡುತ್ತದೆ. ಕಷ್ಟಪಡುತ್ತಿರುವುದಕ್ಕೇ ಬಲ ಸಿಗುವುದಿಲ್ಲ. ಒಗೆಯುವ ಕಲ್ಲಿನ ಮೇಲೆ ಎರಡಕ್ಕೂ ಸಮನಾದ ಹಿಡಿತವಿತ್ತು, ಆದ್ದರಿಂದ ಗೊತ್ತಾಗಿರಲಿಲ್ಲ. ಇಲ್ಲಿ ಹಿಂದಿನ ಗಾಲಿಗಳ ಅಡಿಯಲ್ಲಿ ಬರೀ ಪುಡಿ.

ಎರಡನ್ನೂ ಬಿಡಿಸಿ ಬ್ಯಾಟರಿಗೆ ಬೇರೆಬೇರೆಯಾಗಿ, ಅಕ್ಕಪಕ್ಕ ಜೋಡಿಸಬೇಕು. ಆದರೆ ಆಗ ಹನ್ನೆರಡು ವೋಲ್ಟು ಹೆಚ್ಚಾಗಿ ಮೋಟಾರು ಸುಟ್ಟುಹೋಗುತ್ತದೆ. ಅವಳು ಸುತ್ತ ನೋಡಿದಳು.

“ನಿಮ್ ಬೈಕಿನ ಬ್ಯಾಟ್ರಿ ಆರ್ ವೋಲ್ಟಿಂದು ಅಲ್ವ?”

ಮಾದೇಶ ಹುಬ್ಬು ಗಂಟಿಕ್ಕಿದ. “ಅದುನ್ನ್ ಕಿತ್ರೆ ಆರ್ನ್ ಎಂಗ್ ಒಡೀಲಿ?”

“ಬಾಯಲ್ಲಿ ಒಡೀರಿ.”

ಅವನು ಗೊಣಗುತ್ತಲೇ ಹೋಗಿ ಬ್ಯಾಟರಿ ಬಿಚ್ಚಿ ತಂದ.

ಹನ್ನೊಂದೂವರೆಗೆ ಎರಡನೇ ಸಲ ಒಳಗೆ ಬಿಟ್ಟಳು. ಲಾರಿ ಉಬ್ಬಿಗೆ ಒತ್ತಿತು. ಈ ಸಲ ಮುಂದಿನ ಗಾಲಿಗಳು ಕಲ್ಲನ್ನು ಕಚ್ಚಿ ನಿಧಾನವಾಗಿ ಮೇಲೇರಿದವು. ಅರ್ಧ ಏರುತ್ತಿದ್ದಂತೆ ಎಲ್ಲವೂ ಒಟ್ಟಿಗೆ ಸತ್ತಿತು. ರಿಮೋಟಿಗೂ ಓಗೊಡಲಿಲ್ಲ. ಎಳೆದು ನೋಡಿದರೆ ವೈರುಗಳು ಬೆರಳಿಡಲಾಗದಷ್ಟು ಬಿಸಿ.

“ಸಾಕು ಬಿಡಮ್ಮಿ,” ಎಂದ ಮಾದೇಶ. ಅವನ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಅವನು ಅಂಗಿಯನ್ನು ಪೂರ್ತಿ ಬಿಚ್ಚಿ ಕೊಂಬೆಗೆ ಸಿಕ್ಕಿಸಿದ.

“ಊಟದ್ ಒತ್ತು ಆಗಿಲ್ಲ,” ಎಂದಳು ನಾಗಶ್ರೀ, ತಲೆಯೆತ್ತದೆ. “ವೈರು ಸಣ್ಣವು. ಎರಡು ಮೋಟಾರು ಒಟ್ಟಿಗೆ ಜಗ್ಗುದ್ರೆ ಇದ್ರಲ್ಲಿ ಅಷ್ಟು ಕರೆಂಟು ಓಗಾಕಿಲ್ಲ. ಬ್ಯಾಟ್ರಿ ಕುಸಿತದೆ, ಅದ್ರ್ ಜೊತೆಗೆ ರಿಮೋಟಿನ್ ಮಾತು ಕೇಳೋ ರಿಸೀವರೂ ಮಲೀಕತದೆ. ನಂಗೆ ದಪ್ಪದ್ ವೈರ್ ಬೇಕು, ನಾಕು ಪೆನ್ಸಿಲ್ ಸೆಲ್ ಬೇಕು.”

ಯಾರಿಗೆ ಹೇಳಿದಳೋ ಗೊತ್ತಿಲ್ಲ. ಬಿಳಿಗಿರಿ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ ಶೆಡ್ಡಿನ ಕಡೆ ಹೋದ. ಬಂದಾಗ ಅವನ ಹೆಗಲ ಮೇಲೆ ಒಂದು ಸುತ್ತು ಕೆಂಪು ವೈರಿತ್ತು. “ಕ್ರೇನಿನ ಲೈಟಿಂದು. ದಪ್ಪ ಸಾಕಾ ನೋಡವ್ವ. ಸಾಲ್ದಿದ್ರೆ ಕ್ರೇನನ್ನೇ ಬಿಚ್ಕೊಡ್ತೀನಿ.” ಟೀ ಮಾಡುವ ಜಾಗದಲ್ಲಿ ಹಾಡುತ್ತಿದ್ದ ರೇಡಿಯೋ ನಡುವೆಯೇ ನಿಂತಿತು. ಪುಟ್ಟಮಾದಮ್ಮ ಸೆಲ್ಲುಗಳನ್ನು ಸೆರಗಿನಲ್ಲಿ ಒರೆಸಿಕೊಂಡು ಬಂದು ಅವಳ ಕೈಗಿಟ್ಟಳು. “ಒಳ್ಳೆ ಪದ ಬತ್ತಿತ್ತು ಕಣವ್ವ. ಇದು ಉಬ್ಬು ಅತ್ತದಿದ್ರೆ ಆ ಪದ ನೀನೇ ಆಡ್ಬೇಕು.”

ನಾಗಶ್ರೀ ವೈರು ಸುಲಿದಳು, ಹೆಣೆದಳು, ಕಪ್ಪು ಟೇಪು ಸುತ್ತಿದಳು. ರಿಸೀವರಿಗೆ ಪೆನ್ಸಿಲ್ ಸೆಲ್ಲುಗಳನ್ನು ಪ್ರತ್ಯೇಕವಾಗಿ ಕಟ್ಟಿದಳು. ಮೋಟಾರುಗಳು ಎಷ್ಟೇ ಜಗ್ಗಿದರೂ ಅದಕ್ಕೆ ತಾಗಬಾರದು. ಅಳತೆ ಟೇಪಿನ ತುದಿಯ ಬಳೆಯನ್ನು ಲಾರಿಯ ಮೂತಿಗೆ ಬಿಗಿದು, ಬೆನ್ನಿನ ಮೇಲಿಂದ ಹಿಂದಕ್ಕೆ ಬಿಟ್ಟಳು. ಅವಸರವಿದ್ದರೂ ಒಂದೊಂದು ಜೋಡಣೆಯನ್ನೂ ಎಳೆದೆಳೆದು ನೋಡಿದಳು.

ಸಂದಿನ ಬಾಯಲ್ಲಿ ಗಂಡಹೆಂಡಿರಿಬ್ಬರೂ ಬೋರಲಾಗಿ ಮಲಗಿದರು. ರಿಮೋಟು ಅವಳ ಕೈಯಲ್ಲಿ, ಸುರುಳಿ ಅವನ ಕೈಯಲ್ಲಿ. ಲಾರಿ ಉಬ್ಬಿಗೆ ಹೋಗಿ ಒತ್ತಿತು. ನಾಗಶ್ರೀ ಹೆಬ್ಬೆರಳನ್ನು ಕೂದಲೆಳೆಯಷ್ಟೇ ಮುಂದೆ ತಳ್ಳಿದಳು. ಮುಂದಿನ ಗಾಲಿಗಳು ತಡೆದವು, ಗುಂಯ್ ಎಂದವು, ಕಲ್ಲಿನ ಅಂಚನ್ನು ಹಿಡಿದವು. ಹಿಂದಿನವು ಅವಸರ ಮಾಡದೆ ಅವನ್ನು ನೂಕಿದವು. ಮೂತಿ ಎದ್ದಿತು, ಬೆನ್ನು ಎದ್ದಿತು. ಲಾರಿ ಆಚೆ ಇಳಿಯಿತು.

ಲಾರಿಗೆ ಕಟ್ಟಿದ್ದ ಟಾರ್ಚಿನ ಬೆಳಕು ಒಳಗೊಳಗೆ ಸರಿಯುತ್ತ ಹೋಯಿತು. ಉಬ್ಬಿನಿಂದ ಮಾರುದೂರದಲ್ಲಿ, ಸಂದು ಕಿರಿದಾಗುವ ಕಡೆ, ಮೇಲಿನ ಬಂಡೆಯಿಂದ ಬಾಗಿಲಿನ ಅರ್ಧದಷ್ಟು ದೊಡ್ಡ ಚಪ್ಪಡಿಯೊಂದು ಬಿಟ್ಟುಕೊಂಡು ಜೋತಿತ್ತು. ಅದಕ್ಕೂ ಬಂಡೆಗೂ ನಡುವಿನ ಬಿರುಕಿನಲ್ಲಿ ಬೆಳಕು ಹಾಯ್ದು ಆಚೆ ಬದಿಯ ಕಲ್ಲಿನ ಮೇಲೆ ಗೆರೆ ಎಳೆಯಿತು. ತೆವಳುವವನು ಭುಜ ಹೊರಳಿಸಿ ಮುಂದೆ ಸಾಗಬೇಕಾದ ಜಾಗ ಅದೇ. ನಾಗಶ್ರೀ ಗಂಡನ ಕಡೆ ನೋಡಲಿಲ್ಲ. ಅವನ ಉಸಿರು ನಿಂತದ್ದು, ಆಮೇಲೆ ಮತ್ತೆ ಶುರುವಾದದ್ದು ಅವಳಿಗೆ ಕೇಳಿಸಿತು. ಲಾರಿ ಚಪ್ಪಡಿಯ ಅಡಿಯಲ್ಲಿ ತೂರಿ ಮುಂದೆ ಹೋಯಿತು.

ಬೆಳಕಿನ ವೃತ್ತ ಚಿಕ್ಕದಾಗುತ್ತ ಬಂದು ಕೊನೆಯ ಗೋಡೆಗೆ ಅಂಟಿಕೊಂಡಿತು. ಸುರುಳಿ ತಿರುಗುವುದು ನಿಂತಿತು. ನಾಗಶ್ರೀ ಹೆಬ್ಬೆರಳು ಸಡಿಲಿಸಿದಳು.

“ಎಷ್ಟು?” ಎಂದರು ಹಿಂದಿನಿಂದ ಮಂಟೇಸ್ವಾಮಿ.

ಮಾದೇಶ ಟೇಪನ್ನು ಬಿಗಿಯಾಗಿ ಎಳೆದು ಬಂಡೆಯ ಅಂಚಿಗೆ ಉಗುರಿಟ್ಟ. ಮತ್ತೊಮ್ಮೆ ಉಗುರಿಟ್ಟು ನೋಡಿ ಹೇಳಿದ:

“ಆರು ಮೀಟರ್ ನಲ್ವತ್ತೆರ್ಡು ಸೆಂಟಿಮೀಟರ್.”